ಸ್ಕ್ಯಾನ್‌ಗೆ ಮುಂಚೆ ಹಣೆ ನೋಡಿ

ರಾತ್ರಿ ಚೆನ್ನಾಗಿಯೇ ಮಲಗಿದ್ದವರು ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸುತ್ತಾರೆ, ನೀರು ಒಂದು ಕಡೆಯಿಂದ ಸೋರುತ್ತದೆ. ಕನ್ನಡಿ ನೋಡಿಕೊಂಡರೆ ಬಾಯಿ ಸೊಟ್ಟಗಾಗಿದೆ, ಒಂದು ಕಣ್ಣಿನ ರೆಪ್ಪೆ ಮುಚ್ಚಿಕೊಳ್ಳುತ್ತಿಲ್ಲ. ‘ಲಕ್ವ ಹೊಡೆದಿದೆ’ ಎನ್ನುವುದು ಮನೆಯಲ್ಲಿ ಹುಟ್ಟುವ ಮೊದಲ ಮಾತು. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಜನ ವಠಾರಗಳಲ್ಲಿ ಒತ್ತೊತ್ತಾಗಿ ಬಾಡಿಗೆಗಿರುವ ಲಗ್ಗೆರೆಯಂಥ ಕಡೆ ಆಮೇಲೆ ಏನಾಗುತ್ತದೆಂದು ಊಹಿಸುವುದು ಕಷ್ಟವೇನಲ್ಲ. ಸಾಲ ಹುಟ್ಟಿಸಬಲ್ಲವರು ತಲೆಯ ಸ್ಕ್ಯಾನ್‌ಗೆ ಓಡುತ್ತಾರೆ. ಆಗದವರು ಯಾರೋ ಹೇಳಿದ ನಾಟಿ ವೈದ್ಯರ ಊರಿಗೆ ಬಸ್ಸು ಹತ್ತುತ್ತಾರೆ. ಈ ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಅರ್ಧ ನಿಮಿಷದ ಕೆಲಸ: ರೋಗಿಯನ್ನು ಎದುರಿಗೆ ಕೂರಿಸಿಕೊಂಡು, ‘ಹುಬ್ಬು ಮೇಲಕ್ಕೆತ್ತಿ’ ಎಂದು ಕೇಳಿ, ಹಣೆಯ ಮೇಲೆ ನೆರಿಗೆ ಎರಡೂ ಕಡೆ ಮೂಡುತ್ತದೆಯೇ ಎಂದು ನೋಡುವುದು. ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ಕಪಾಲ ನರಗಳನ್ನು ಪರೀಕ್ಷಿಸಲು ಬೇಕಾದದ್ದೆಲ್ಲ ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ಆ ಪರೀಕ್ಷೆ ದೊಡ್ಡ ಆಸ್ಪತ್ರೆಯ ನರರೋಗ ತಜ್ಞರ ಕೋಣೆಯಲ್ಲೇ ಉಳಿಯಬಾರದು. ಬಡಾವಣೆಯ ಮೊದಲ ಮೆಟ್ಟಿಲಾದ ಸರ್ಕಾರದ ‘ನಮ್ಮ ಕ್ಲಿನಿಕ್’‌ನಲ್ಲಿ, ಇಎಸ್ಐ ಔಷಧಾಲಯದಲ್ಲಿ, ಬೀದಿಯ ಖಾಸಗಿ ಡಾಕ್ಟರ ಬಳಿ ಅದು ರೂಢಿಯಾಗಬೇಕು ಎನ್ನುವುದು ನನ್ನ ವಾದ.

ಹಣೆಗೆ ಇಷ್ಟು ಮಹತ್ವ ಬಂದದ್ದು ನರದ ರಚನೆಯಿಂದ. ಮುಖದಲ್ಲಿ ಭಾವ ಮೂಡಿಸುವ ಸ್ನಾಯುಗಳನ್ನೆಲ್ಲ ಆಡಿಸುವುದು ಏಳನೆಯ ಕಪಾಲ ನರ, ಎಡಕ್ಕೊಂದು ಬಲಕ್ಕೊಂದು. ಅದರ ಮೂಲ ಮಿದುಳು ಕಾಂಡದಲ್ಲಿದೆ. ಅಲ್ಲಿ ಮುಖದ ಕೆಳಭಾಗವನ್ನು ನೋಡಿಕೊಳ್ಳುವ ನರಕೋಶಗಳಿಗೆ ಅಪ್ಪಣೆ ಬರುವುದು ಹೆಚ್ಚಾಗಿ ಎದುರು ಪಕ್ಕದ ಮಿದುಳಿನಿಂದ ಮಾತ್ರ. ಹಣೆಯನ್ನು ನೋಡಿಕೊಳ್ಳುವ ಕೋಶಗಳಿಗೆ ಎರಡೂ ಪಕ್ಕದಿಂದ ಬರುತ್ತದೆ. ಹಾಗಾಗಿ ಮಿದುಳಿನ ಒಂದು ಪಕ್ಕದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆದಾಗ ಬಾಯಿ ವಾಲುತ್ತದೆ, ಹಣೆ ಮಾತ್ರ ಇನ್ನೊಂದು ಪಕ್ಕದ ಬಲದಿಂದ ನೆರಿಗೆ ಕಟ್ಟುತ್ತದೆ. ನರವೇ ಕೆಟ್ಟಿದ್ದರೆ ಹಣೆ, ಕಣ್ಣು, ಬಾಯಿ ಮೂರೂ ಒಟ್ಟಿಗೆ ಸೋಲುತ್ತವೆ. ಈ ಎರಡನೆಯದರಲ್ಲಿ ಹೆಚ್ಚು ಕಾಣುವುದು ಬೆಲ್ಸ್ ಪಾಲ್ಸಿ. ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ 19ನೇ ಶತಮಾನದ ಮೊದಲ ಭಾಗದಲ್ಲಿ ಈ ನರವನ್ನು ವಿವರಿಸಿದ್ದರಿಂದ ಅವರ ಹೆಸರು ನಿಂತಿತು. ಅದಕ್ಕೂ ಎಷ್ಟೋ ಮೊದಲು ಪರ್ಷಿಯಾದ ಅಲ್ ರಾಜಿ ಇದನ್ನು ಗುರುತಿಸಿದ್ದರು, ನಮ್ಮ ಆಯುರ್ವೇದ ಗ್ರಂಥಗಳು ವಾತವ್ಯಾಧಿಗಳ ಸಾಲಿನಲ್ಲಿ ‘ಅರ್ದಿತ’ ಎಂದು ಹೆಸರಿಸಿದ್ದವು. ಏಳನೆಯ ನರ ಮುಖಕ್ಕೆ ಬರುವ ಮೊದಲು ಕಿವಿಯ ಹಿಂದಿನ ಮೂಳೆಯೊಳಗೆ ಸುಮಾರು ಮೂರು ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ಹಾಯಬೇಕು. ಅದರ ಅತಿ ಕಿರಿದಾದ ಜಾಗದ ಅಗಲ ಒಂದು ಮಿಲಿಮೀಟರಿಗಿಂತ ಕಡಿಮೆ. ಗೋಡೆಯೊಳಗಿನ ಕಾಂಡ್ಯೂಟ್ ಪೈಪಿನಲ್ಲಿ ವೈರು ಊದಿಕೊಂಡರೆ ಹೇಗೋ ಹಾಗೆ, ನರ ಬಾತುಕೊಂಡಾಗ ಅದಕ್ಕೆ ಹಿಗ್ಗಲು ಜಾಗವಿಲ್ಲ, ತನ್ನಷ್ಟಕ್ಕೆ ತಾನೇ ನಜ್ಜಾಗುತ್ತದೆ. ಇದೇ ನರದ ಎಳೆಗಳು ನಾಲಿಗೆಯ ಮುಂಭಾಗದ ರುಚಿಯನ್ನೂ ಒಯ್ಯುತ್ತವೆ, ಕಿವಿಯೊಳಗೆ ಸದ್ದನ್ನು ತಗ್ಗಿಸುವ ಪುಟ್ಟ ಸ್ನಾಯುವನ್ನೂ ಹಿಡಿದಿರುತ್ತವೆ. ಆದ್ದರಿಂದ ಕೆಲವರಿಗೆ ಸಾರಿನ ರುಚಿ ಹತ್ತುವುದಿಲ್ಲ, ಪಾತ್ರೆಯ ಸದ್ದು ಒಂದು ಕಿವಿಗೆ ವಿಪರೀತ ಜೋರಾಗಿ ಕೇಳುತ್ತದೆ. ‘ಬಾಯಿ ಸೊಟ್ಟಗಾದದ್ದಕ್ಕೂ ಕಿವಿಗೂ ಏನು ಸಂಬಂಧ’ ಎಂದು ರೋಗಿಯೇ ಅದನ್ನು ಹೇಳದೆ ಬಿಡುತ್ತಾನೆ. ಕೇಳಬೇಕಾದವರು ಡಾಕ್ಟರು.

ಪಾರ್ಶ್ವವಾಯು, ಬೆಲ್ಸ್ ಪಾಲ್ಸಿ ಎರಡನ್ನೂ ಬೇರ್ಪಡಿಸುವುದು ಜ್ಞಾನದ ಚಪಲಕ್ಕಾಗಿ ಅಲ್ಲ. ಎರಡಕ್ಕೂ ಗಡುವು ಇದೆ, ಗಡುವುಗಳು ಬೇರೆಬೇರೆ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕಾದದ್ದು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ. ಬೆಲ್ಸ್ ಪಾಲ್ಸಿಯಲ್ಲಿ ಪ್ರೆಡ್ನಿಸೊಲೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಈ ಮಾತ್ರೆ ತೆಗೆದುಕೊಂಡವರಲ್ಲಿ ಒಂಬತ್ತು ತಿಂಗಳಾಗುವಾಗ ಶೇ 94.4 ಮಂದಿಯ ಮುಖ ಪೂರ್ತಿ ಸರಿಹೋಗಿತ್ತು. ತೆಗೆದುಕೊಳ್ಳದವರಲ್ಲಿ ಆ ಪ್ರಮಾಣ ಶೇ 81.6. ಮಾತ್ರೆಗೆ ಸಕ್ಕರೆ ಅಂಶ ಏರಿಸುವ ಗುಣವಿದೆ, ಹಾಗಾಗಿ ಮಧುಮೇಹ ಇರುವವರು ಮೆಡಿಕಲ್ ಶಾಪಿನಲ್ಲಿ ತಾವೇ ಕೇಳಿ ನುಂಗುವಂಥದ್ದಲ್ಲ. ಕಿವಿಯ ಸುತ್ತ ಸರ್ಪಸುತ್ತಿನ ಗುಳ್ಳೆಗಳಿದ್ದರೆ ಚಿಕಿತ್ಸೆ ಬೇರೆಯಾಗುತ್ತದೆ. ಮಾತ್ರೆಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಕಣ್ಣು. ಮುಚ್ಚದ ಕಣ್ಣಿನ ಮೇಲೆ ಧೂಳು ಕೂರುತ್ತದೆ, ಕಾರ್ನಿಯಾ ಒಣಗುತ್ತದೆ, ಹುಣ್ಣಾಗುತ್ತದೆ, ದೃಷ್ಟಿಯೇ ಹೋಗಬಹುದು. ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ರೆಪ್ಪೆ ಎಳೆದು ಪ್ಲಾಸ್ಟರ್ ಹಚ್ಚುವುದು: ಖರ್ಚು ಇಷ್ಟೇ. ಕಣ್ಣಿನ ಈ ಎಚ್ಚರಿಕೆ ನಮ್ಮ ನಗರಕ್ಕೆ ಹೊಸದಲ್ಲ. ಲಗ್ಗೆರೆಯಿಂದ ಹೊರವರ್ತುಲ ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ ಸಿಗುವ ಸುಮನಹಳ್ಳಿ ಈಗ ನಮಗೆ ಒಂದು ಸಿಗ್ನಲ್ಲು, ಒಂದು ಮೇಲ್ಸೇತುವೆ. ಆ ಹೆಸರಿನ ಸಂಸ್ಥೆ ಹುಟ್ಟಿದ್ದು 1970ರ ದಶಕದಲ್ಲಿ, ಕುಷ್ಠರೋಗಿಗಳ ಪುನರ್ವಸತಿಗಾಗಿ. ಕುಷ್ಠ ಕೂಡ ಕೆನ್ನೆಯ ಮೂಳೆಯ ಮೇಲೆ ಹಾಯುವ ಇದೇ ಏಳನೆಯ ನರದ ಕವಲನ್ನು ಕೆಡಿಸಿ ರೆಪ್ಪೆ ಮುಚ್ಚದಂತೆ ಮಾಡುತ್ತದೆ. ಐದನೆಯ ನರವನ್ನೂ ಕೆಡಿಸಿದರೆ ಕಣ್ಣಿಗೆ ಕಸ ಬಿದ್ದದ್ದೇ ಗೊತ್ತಾಗುವುದಿಲ್ಲ. ಕುಷ್ಠರೋಗ ಕಾರ್ಯಕ್ರಮದ ಸಿಬ್ಬಂದಿ ಅದಕ್ಕಾಗಿಯೇ ರೋಗಿಗೆ ‘ಕಣ್ಣು ಮೆಲ್ಲಗೆ ಮುಚ್ಚಿ’ ಎಂದು ಹೇಳಿ ಸಂದು ಉಳಿಯುತ್ತದೆಯೇ ಎಂದು ನೋಡುವುದನ್ನು ಕಲಿತಿದ್ದಾರೆ. ವೈದ್ಯರಲ್ಲದ ಕಾರ್ಯಕರ್ತರು ಮಾಡಿಕೊಂಡು ಬಂದಿರುವ ಕೆಲಸವನ್ನು ಪಾಲಿಕೆಯ ಕ್ಲಿನಿಕ್ಕಿನಲ್ಲಿ ಎಂಬಿಬಿಎಸ್ ಓದಿದವರು ಮಾಡಲಾರರೇ?

ನಾಟಿ ಔಷಧದ ಮಾತು ಇಲ್ಲಿ ಬಂದೇ ಬರುತ್ತದೆ. ‘ನಮ್ಮ ಕಡೆಯವರಿಗೆ ಸೊಪ್ಪಿನ ರಸದಲ್ಲೇ ವಾಸಿಯಾಯಿತು, ಡಾಕ್ಟರು ಯಾಕೆ’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ವಾಸಿಯಾದದ್ದು ನಿಜ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಯಾವ ಔಷಧವನ್ನೂ ಕೊಡದೆ ಇಪ್ಪತ್ತೈದು ವರ್ಷಗಳ ಅವಧಿಯಲ್ಲಿ 1,701 ಬೆಲ್ಸ್ ಪಾಲ್ಸಿ ರೋಗಿಗಳನ್ನು ಗಮನಿಸಿದಾಗ ಶೇ 71 ಮಂದಿಯ ಮುಖ ಮೊದಲಿನಂತೆಯೇ ಆಯಿತು. ಅಂದರೆ ಸೊಪ್ಪು ಕೊಟ್ಟರೂ, ಮಂತ್ರ ಹಾಕಿದರೂ, ಸುಮ್ಮನೆ ಕೂತರೂ ಹತ್ತರಲ್ಲಿ ಏಳು ಮಂದಿ ಗುಣವಾಗುತ್ತಾರೆ. ಆ ಏಳು ಮಂದಿಯೇ ಬೀದಿಯಲ್ಲಿ ಸಾಕ್ಷಿ ಹೇಳುವವರು. ಬಾಯಿ ಸೊಟ್ಟಗೇ ಉಳಿದ, ಊಟ ಮಾಡುವಾಗ ಕಣ್ಣಲ್ಲಿ ನೀರು ಸುರಿಯುವ, ಫೋಟೊಗೆ ನಿಲ್ಲಲು ಹಿಂಜರಿಯುವ ಮೂವರು ಯಾರ ಬಳಿಯೂ ಹೇಳಿಕೊಳ್ಳುವುದಿಲ್ಲ. ಆ ಮೂವರಲ್ಲಿ ಬಹುಪಾಲು ಮಂದಿಯನ್ನು ಉಳಿಸುವುದಕ್ಕೇ ಮೂರು ದಿನದೊಳಗಿನ ಮಾತ್ರೆ. ನಾಟಿ ವೈದ್ಯರ ಮೇಲೆ ನಂಬಿಕೆ ಇರುವವರೊಂದಿಗೆ ಜಗಳ ತೆಗೆಯುವ ಅಗತ್ಯ ನನಗೆ ಕಾಣುವುದಿಲ್ಲ. ಬಸ್ಸು ಹತ್ತುವ ಮೊದಲು ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಹಣೆ, ಕಣ್ಣು ತೋರಿಸಿಕೊಂಡು ಹೋಗಿ ಎಂದರೆ ಸಾಕು. ಆದರೆ ಅಲ್ಲಿ ನೋಡುವವರು ಇರಬೇಕಲ್ಲ!

ಏಳನೆಯ ನರದ ಬಗ್ಗೆ ಇಷ್ಟು ಹೇಳಿದ್ದು ಅದು ಎಲ್ಲರ ಕಣ್ಣಿಗೆ ಬೀಳುವಂಥದ್ದು ಎಂದು. ಟಾರ್ಚು ಜೀವ ಉಳಿಸುವುದು ಮೂರನೆಯ ನರದ ವಿಷಯದಲ್ಲಿ. ಆ ನರ ರೆಪ್ಪೆ ಎತ್ತುತ್ತದೆ, ಕಣ್ಣುಗುಡ್ಡೆಯನ್ನು ಒಳಕ್ಕೆ, ಮೇಲಕ್ಕೆ, ಕೆಳಕ್ಕೆ ಹೊರಳಿಸುತ್ತದೆ, ಬೆಳಕಿಗೆ ಪಾಪೆಯನ್ನು ಕಿರಿದು ಮಾಡುತ್ತದೆ. ಸಕ್ಕರೆ ಕಾಯಿಲೆ ಇರುವ ಐವತ್ತು ದಾಟಿದವರಿಗೆ ಒಂದು ದಿನ ಇದ್ದಕ್ಕಿದ್ದಂತೆ ರೆಪ್ಪೆ ಜೋತುಬಿದ್ದು, ಎಲ್ಲವೂ ಎರಡೆರಡಾಗಿ ಕಾಣಿಸಬಹುದು. ನರಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳು ಕಟ್ಟಿಕೊಂಡದ್ದು ಕಾರಣ. ಎರಡು ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ. ಅದೇ ಲಕ್ಷಣ ಮಿದುಳಿನ ತಳದ ರಕ್ತನಾಳವೊಂದು ಬಲೂನಿನಂತೆ ಉಬ್ಬಿ ನರವನ್ನು ಒತ್ತಿದಾಗಲೂ ಬರುತ್ತದೆ. ಆ ಉಬ್ಬು ಒಡೆದರೆ ರೋಗಿ ಉಳಿಯುವುದೇ ಅನುಮಾನ. ಇವೆರಡನ್ನು ಬೇರ್ಪಡಿಸುವ ಮೊದಲ ಸುಳಿವು ಪಾಪೆ. ಪಾಪೆಯನ್ನು ಕಿರಿದು ಮಾಡುವ ಎಳೆಗಳು ನರದ ಹೊರಮೈಯಲ್ಲಿವೆ. ಹೊರಗಿನಿಂದ ಒತ್ತಡ ಬಿದ್ದರೆ ಮೊದಲು ನಲುಗುವುದು ಅವೇ. ಸಕ್ಕರೆ ಕಾಯಿಲೆ ಕೆಡಿಸುವುದು ಒಳಗಿನ ಎಳೆಗಳನ್ನು, ಪಾಪೆ ಹೆಚ್ಚಾಗಿ ಬಚಾವಾಗುತ್ತದೆ. ಜೋತುಬಿದ್ದ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಟಾರ್ಚು ಬಿಟ್ಟಾಗ ಪಾಪೆ ಅಗಲವಾಗಿಯೇ ನಿಂತಿದೆಯೆಂದರೆ, ಅದರಲ್ಲೂ ತಲೆನೋವೂ ಇದ್ದರೆ, ರೋಗಿಯನ್ನು ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಪಾಪೆ ಸರಿಯಿದ್ದವರಿಗೂ ಮುಂದಿನ ತಪಾಸಣೆ ಬೇಡವೆಂದಲ್ಲ. ಯಾರನ್ನು ಇವತ್ತೇ, ಈಗಲೇ ಆಂಬುಲೆನ್ಸ್ ಹತ್ತಿಸಬೇಕು ಎನ್ನುವುದನ್ನು ಆ ಟಾರ್ಚು ಹೇಳುತ್ತದೆ. ಕನ್ನಡಕ ಬದಲಿಸಿದರೆ ಸರಿಹೋದೀತು ಎಂದು ಕಳಿಸಿಬಿಟ್ಟರೆ ಆಗುವ ಅನಾಹುತಕ್ಕೆ ಯಾವ ಸ್ಕ್ಯಾನ್ ಯಂತ್ರವೂ ಹೊಣೆಯಲ್ಲ.

ಎರಡನೆಯ ನರ, ಅಂದರೆ ದೃಷ್ಟಿಯ ನರ ನಾಶವಾದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ಸಾರ್ವಜನಿಕವಾಗಿಯೇ ನೋಡಿದೆ. 1981ರ ಜುಲೈನಲ್ಲಿ ಮೆಥನಾಲ್ ಬೆರೆತ ಕಳ್ಳಬಟ್ಟಿ ಕುಡಿದು ಈ ನಗರದಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿಯಲ್ಲಿ ಅದೇ ಮರುಕಳಿಸಿತು. ದೇಹದೊಳಗೆ ಮೆಥನಾಲ್ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕೆಡಿಸುವುದು ಈ ನರವನ್ನೇ. ಸಾವು ತಪ್ಪಿಸಿಕೊಂಡವರೂ ಕಣ್ಣು ಕಳೆದುಕೊಳ್ಳುವುದು ಅದರಿಂದಲೇ. ಆ ದುರಂತಗಳು ಪತ್ರಿಕೆಯ ಮುಖಪುಟಕ್ಕೆ ಬಂದವು. ಸದ್ದಿಲ್ಲದೆ ಅದೇ ನರವನ್ನು ಕಾಡಬಲ್ಲ ಇನ್ನೊಂದು ವಸ್ತು ಸರ್ಕಾರವೇ ಉಚಿತವಾಗಿ ಹಂಚುವ ಕ್ಷಯದ ಮಾತ್ರೆಯಲ್ಲಿದೆ. ಎಥಾಂಬುಟಾಲ್ ಒಳ್ಳೆಯ ಔಷಧ, ಈಗಿನ ದಿನನಿತ್ಯದ ಚಿಕಿತ್ಸಾ ಕ್ರಮದಲ್ಲಿ ಆರು ತಿಂಗಳೂ ನುಂಗಬೇಕಾದದ್ದು. ಕೆಲವೇ ಕೆಲವರಲ್ಲಿ ಅದು ದೃಷ್ಟಿನರವನ್ನು ಕುಗ್ಗಿಸುತ್ತದೆ. ಶುರುವಿನಲ್ಲಿ ಕೆಂಪು, ಹಸಿರು ಮಾಸಲಾಗಿ ಕಾಣಿಸತೊಡಗುತ್ತವೆ. ಆಗಲೇ ಗುರುತಿಸಿ ವೈದ್ಯರು ಮಾತ್ರೆ ಬದಲಿಸಿದರೆ ದೃಷ್ಟಿ ಹೆಚ್ಚಾಗಿ ಮರಳುತ್ತದೆ, ತಡವಾದರೆ ಇಲ್ಲ. ಗುರುತಿಸಲು ಬೇಕಾದದ್ದು ಗೋಡೆಗೆ ನೇತುಹಾಕುವ ಅಕ್ಷರಗಳ ಚಾರ್ಟು ಮತ್ತು ಒಂದು ಕೆಂಪು ಪೆನ್ನಿನ ಮುಚ್ಚಳ: ಒಂದೊಂದೇ ಕಣ್ಣು ಮುಚ್ಚಿಸಿ, ಕೆಂಪು ಮೊದಲಿನಷ್ಟೇ ಗಾಢವಾಗಿದೆಯೇ ಎಂದು ಕೇಳುವುದು. ಓದು ಬಾರದ ರೋಗಿಯೂ ಉತ್ತರ ಕೊಡಬಲ್ಲ ಪ್ರಶ್ನೆ ಇದು. ರೋಗಿ ಹೇಗೂ ತಿಂಗಳಿಗೊಮ್ಮೆ ಮಾತ್ರೆಗೆ ಬರುತ್ತಾನೆ, ಈ ಪರೀಕ್ಷೆ ಅದೇ ಹೊತ್ತಿನಲ್ಲಿ ಮುಗಿಯುತ್ತದೆ. ರೋಗಿ ತಾನಾಗಿ ಮಾತ್ರೆ ನಿಲ್ಲಿಸಬಾರದು ಎಂಬುದನ್ನು ಆಗಲೇ ಒತ್ತಿ ಹೇಳಬಹುದು.

ಐದನೆಯ ನರದ ಕಥೆಯನ್ನು ದಂತವೈದ್ಯರು ಚೆನ್ನಾಗಿ ಬಲ್ಲರು. ಕೆನ್ನೆಗೆ ಗಾಳಿ ತಾಕಿದರೆ, ಹಲ್ಲುಜ್ಜಿದರೆ, ವಿದ್ಯುತ್ ಹೊಡೆದಂತೆ ನೋವು ಮಿಂಚಿ ಮರೆಯಾಗುವ ಟ್ರೈಜೆಮಿನಲ್ ನ್ಯೂರಾಲ್ಜಿಯಾದವರು ಹಲ್ಲುನೋವೆಂದೇ ನಂಬಿ, ಗಟ್ಟಿಮುಟ್ಟಾದ ಹಲ್ಲುಗಳನ್ನು ಒಂದೊಂದಾಗಿ ಕೀಳಿಸಿಕೊಂಡು, ಆಮೇಲೂ ನೋವು ಹಾಗೇ ಇದ್ದಾಗ ನರದ ಡಾಕ್ಟರ ಹತ್ತಿರ ಬರುವುದುಂಟು. ಇದಕ್ಕೆ ಕಾರ್ಬಮಜೆಪಿನ್ ಎಂಬ ಹಳೆಯ ಮೂರ್ಛೆರೋಗದ ಮಾತ್ರೆ ಬಹಳ ಜನರಿಗೆ ಕೆಲಸ ಮಾಡುತ್ತದೆ. ಪೀಣ್ಯದ ಮಟ್ಟಿಗೆ ಎಂಟನೆಯ ನರ ಇನ್ನೂ ಹತ್ತಿರದ್ದು. ಪ್ರೆಸ್ ಶಾಪಿನ, ಫೋರ್ಜಿಂಗ್‌ನ ಸದ್ದು ಮೊದಲು ಹೊಡೆಯುವುದು ನರವನ್ನಲ್ಲ, ಆ ನರಕ್ಕೆ ಸುದ್ದಿ ಕೊಡುವ ಒಳಗಿವಿಯ ರೋಮಕೋಶಗಳನ್ನು. ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಎಂಟು ಗಂಟೆಯ ಪಾಳಿಗೆ 90 ಡೆಸಿಬೆಲ್ ಮೀರಬಾರದು ಎಂಬ ಮಿತಿ ಇದೆ. ಶಬ್ದದಿಂದಾಗುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲೇ ಇತ್ತು, ಅಂದರೆ ಕಂಡ ವೈದ್ಯರು ವರದಿ ಮಾಡಲೇಬೇಕಾದ ಕಾಯಿಲೆ. ಕಾಣಬೇಕಾದರೆ ಕಿವಿ ಪರೀಕ್ಷಿಸಬೇಕು, ಅದು ಶುರುವಾಗುವುದು ‘ಪಕ್ಕದವರು ಮಾತಾಡಿದ್ದು ಕೇಳುತ್ತದೆಯೇ’ ಎಂಬ ಪ್ರಶ್ನೆಯಿಂದ, ಒಂದು ಟ್ಯೂನಿಂಗ್ ಫೋರ್ಕಿನಿಂದ. ಇದರಿಂದ ಗೊತ್ತಾಗುವುದು ದೋಷ ಹೊರಗಿವಿ, ನಡುಗಿವಿಯದೋ ಒಳಗಿನದೋ ಎಂಬ ಸ್ಥೂಲ ಅಂದಾಜು ಮಾತ್ರ. ಸಣ್ಣ ನಷ್ಟ ಹಿಡಿಯಲು ಆಡಿಯೋಮೆಟ್ರಿಯೇ ಬೇಕು. ರಾಜಾಜಿನಗರದಲ್ಲಿ ಇಎಸ್ಐ ಆಸ್ಪತ್ರೆ ಇದೆ, ಕಾರ್ಡಿರುವ ಕಾರ್ಮಿಕರಿಗೆ ದಾರಿ ಇದೆ. ಶೆಡ್ಡಿನಲ್ಲಿ ನಾಲ್ಕೈದು ಜನ ಇಟ್ಟುಕೊಂಡು ನಡೆಸುವ ಘಟಕದವರಿಗೆ ಆ ಕಾರ್ಡೂ ಇರುವುದಿಲ್ಲ. ಅವರು ಬರುವುದು ಬೀದಿಯ ಕ್ಲಿನಿಕ್ಕಿಗೇ.

ಈಗ ಆಕ್ಷೇಪಗಳು. ಮೊದಲನೆಯದು ಸಮಯದ್ದು, ಅದು ಹಗುರವಾದ ಆಕ್ಷೇಪವಲ್ಲ. ಹೊರಗೆ ಸಾಲು ನಿಂತಿರುವಾಗ ಹನ್ನೆರಡು ನರಗಳನ್ನು ಪರೀಕ್ಷಿಸುತ್ತ ಕೂರಲು ಯಾವ ಡಾಕ್ಟರಿಗೆ ಪುರುಸೊತ್ತಿದೆ? ಜ್ವರ ಕೆಮ್ಮಿಗೆ ಬಂದವರನ್ನೆಲ್ಲ ಹೀಗೆ ಕೂರಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಮುಖ, ಕಣ್ಣು, ಕಿವಿ, ನುಂಗುವುದು, ಮಾತು, ತಲೆನೋವು ಇವುಗಳ ದೂರಿರುವವರಿಗೆ, ಕ್ಷಯದ ಮಾತ್ರೆಯಲ್ಲಿರುವವರಿಗೆ, ಕಣ್ಣಿನ ತೊಂದರೆ ಹೇಳುವ ಸಕ್ಕರೆ ಕಾಯಿಲೆಯವರಿಗೆ ಸಾಕು. ಅವರಲ್ಲೂ ದೂರಿಗೆ ತಕ್ಕಷ್ಟು ನರಗಳನ್ನು ನೋಡಿದರಾಯಿತು. ಕಣ್ಣಿಂದ ಬೆರಳನ್ನು ಹಿಂಬಾಲಿಸಿ, ಹುಬ್ಬೆತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ತೋರಿಸಿ, ‘ಆ’ ಎನ್ನಿ, ನಾಲಿಗೆ ಚಾಚಿ, ಭುಜ ಕುಣಿಸಿ ಎನ್ನುವಷ್ಟರಲ್ಲಿ ಹೆಚ್ಚಿನದು ಮುಗಿದಿರುತ್ತದೆ. ಎಂಬಿಬಿಎಸ್ ಪರೀಕ್ಷೆಗೆ ಇದನ್ನೆಲ್ಲ ಕಂಠಪಾಠ ಮಾಡದವರು ಯಾರೂ ಇಲ್ಲ. ಆಮೇಲೆ ರೂಢಿ ತಪ್ಪುತ್ತದೆ, ಕೇಸ್ ಶೀಟಿನಲ್ಲಿ ಬಿಪಿ, ಶುಗರ್, ತೂಕಕ್ಕೆ ಇರುವಂತೆ ಇದಕ್ಕೊಂದು ಸಾಲು ಇಲ್ಲದಿರುವುದರಿಂದ. ಸಾಲು ಇದ್ದರೆ ಕೆಲಸ ಆಗುತ್ತದೆ ಎಂಬುದು ಆಡಳಿತ ಬಲ್ಲವರಿಗೆಲ್ಲ ಗೊತ್ತು. ಇನ್ನು ಸಮಯದ ಇನ್ನೊಂದು ಮುಖ ಕ್ಲಿನಿಕ್ಕಿನ ವೇಳೆಯದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಒಮ್ಮೆಲೆ 108 ನಮ್ಮ ಕ್ಲಿನಿಕ್‌ಗಳು ಉದ್ಘಾಟನೆಯಾದಾಗ ನಿಗದಿಯಾಗಿದ್ದ ವೇಳೆ ಬೆಳಗ್ಗೆ 9ರಿಂದ ಸಂಜೆ 4.30. ಹಗಲು ಪಾಳಿಯವರು ಮನೆ ಸೇರುವುದೇ ಆಮೇಲೆ. 72 ಗಂಟೆಯ ಗಡುವಿರುವ ಕಾಯಿಲೆಗೆ ಒಂದು ದಿನದ ಕೂಲಿ ಬಿಡಬೇಕಾಗಿ ಬಂದರೆ ಎರಡು ದಿನ ‘ನೋಡೋಣ’ ಎಂದು ಕಳೆಯುವುದು ಸಹಜ. ಕಾರ್ಮಿಕ ಬಡಾವಣೆಗಳಲ್ಲಿ ಕ್ಲಿನಿಕ್ ಸಂಜೆ ತೆರೆದಿರಬೇಕು.

ಎರಡನೆಯ ಆಕ್ಷೇಪ: ಸ್ಕ್ಯಾನ್ ಇರುವಾಗ ಹಣೆ, ಪಾಪೆ ನೋಡುವುದು ಎತ್ತಿನಗಾಡಿ ಕಾಲದ ಮಾತಲ್ಲವೇ? ರಕ್ತಸ್ರಾವ ಆಗಿದೆಯೇ ಎಂದು ತಿಳಿಯಲು ಸಿಟಿ ಸ್ಕ್ಯಾನ್‌ಗೆ ಸಾಟಿಯಿಲ್ಲ, ಪಾರ್ಶ್ವವಾಯುವಿನ ಅನುಮಾನ ಬಂದಲ್ಲಿ ಅದು ಆಗಲೇಬೇಕು. ಆದರೆ ಹೆಪ್ಪಿನಿಂದಾದ ಪಾರ್ಶ್ವವಾಯುವಿನ ಮೊದಲ ಗಂಟೆಗಳಲ್ಲಿ ಸಿಟಿ ಹಲವು ಬಾರಿ ಏನನ್ನೂ ತೋರಿಸುವುದಿಲ್ಲ. ಬೆಲ್ಸ್ ಪಾಲ್ಸಿಯಲ್ಲಂತೂ ಅದು ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ಎರಡೂ ಕಡೆ ‘ನಾರ್ಮಲ್’ ಎಂದು ಬರೆದುಕೊಟ್ಟ ಕಾಗದ ಹಿಡಿದು ನಿಂತ ರೋಗಿಗೆ ತನಗೇನಾಗಿದೆ ಎಂದು ಹೇಳಬಲ್ಲದ್ದು ಪರೀಕ್ಷೆ ಮಾತ್ರ. ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುವ ಆಕ್ಷೇಪ ಹೆಚ್ಚು ಗಂಭೀರವಾದದ್ದು: ಪತ್ರಿಕೆಯಲ್ಲಿ ಹಣೆಯ ವಿಷಯ ಬರೆದರೆ ಜನ ಮನೆಯಲ್ಲೇ ಕನ್ನಡಿ ನೋಡಿ ‘ಇದು ಲಕ್ವ ಅಲ್ಲ’ ಎಂದು ಕೂತುಬಿಡುತ್ತಾರೆ. ಈ ಭಯ ನ್ಯಾಯವಾದದ್ದು. ಮಿದುಳು ಕಾಂಡದೊಳಗೇ ಆಗುವ ಪಾರ್ಶ್ವವಾಯುವಿನಲ್ಲಿ ಹಣೆಯೂ ಸೋಲಬಹುದು. ಕೈಕಾಲು ಸೋಲು, ತೊದಲು, ತೂರಾಟ ಜೊತೆಗಿದ್ದರೆ ಹಣೆಯ ಲೆಕ್ಕವೇ ಬೇಡ. ಹಾಗಾಗಿ ತೀರ್ಮಾನ ಮನೆಯವರದಲ್ಲ. ಮನೆಯವರಿಗೆ ನಿಯಮ ಒಂದೇ: ಮುಖ ವಾಲಿದರೆ ಆ ಹೊತ್ತೇ ಹೊರಡಿ, 108 ಆಂಬುಲೆನ್ಸ್‌ಗೆ ಕರೆ ಮಾಡಿ. ಹಣೆ ನೋಡುವ ಕೆಲಸ ಎದುರಿಗೆ ಕೂತ ಡಾಕ್ಟರದು, ಅವರಿಗೂ ಅನುಮಾನ ಉಳಿದರೆ ಮುಂದೆ ಕಳಿಸುವುದೇ ಸರಿ.

ಹೊಸ ಯೋಜನೆ, ಹೊಸ ಹೆಸರು ಇದಕ್ಕೆ ಬೇಕಿಲ್ಲ. ಪ್ರಾಥಮಿಕ ಹಂತದ ವೈದ್ಯರಿಗೆ ನರರೋಗಗಳಲ್ಲಿ ತರಬೇತಿ ಕೊಡಲು ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಆರಂಭಿಸಿತು. ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವು ಅದರ ಗಮನದಲ್ಲಿವೆ. ಆ ಪಾಠಕ್ಕೆ ಕಪಾಲ ನರಗಳ ಪರೀಕ್ಷೆಯ ಅರ್ಧ ದಿನದ ತರಬೇತಿ ಸೇರಿಸಿ ಬಡಾವಣೆಯ ಕ್ಲಿನಿಕ್ಕುಗಳ ವೈದ್ಯರನ್ನೂ ನರ್ಸುಗಳನ್ನೂ ಕೂರಿಸುವುದು ಕಷ್ಟವಲ್ಲ. ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ. ಲಗ್ಗೆರೆಯಿಂದ ಊರಿಡೀ ದಾಟಿ ಹೋಗಬೇಕಾದ ಆ ಗೇಟಿನ ಮುಂದೆ ಬೆಲ್ಸ್ ಪಾಲ್ಸಿಯವರು ಸಾಲು ನಿಲ್ಲುವುದು ಅವರಿಗೂ ನಷ್ಟ, ಅವರ ಹಿಂದೆ ನಿಂತ ಮಿದುಳು ಗಡ್ಡೆಯ ರೋಗಿಗೂ ನಷ್ಟ. ಪ್ರತಿ ನಮ್ಮ ಕ್ಲಿನಿಕ್‌ಗೆ ಟಾರ್ಚು, ಅಕ್ಷರದ ಚಾರ್ಟು, ಟ್ಯೂನಿಂಗ್ ಫೋರ್ಕು, ಹತ್ತಿ, ಕಣ್ಣಿನ ಹನಿ ಮತ್ತು ಎಂದೂ ಖಾಲಿಯಾಗದ ಪ್ರೆಡ್ನಿಸೊಲೋನ್ ಡಬ್ಬಿ ಕೊಡುವುದು ಪಾಲಿಕೆಯ ಆರೋಗ್ಯ ವಿಭಾಗದ ಅಧಿಕಾರಿಯೊಬ್ಬರ ಒಂದು ಸಹಿಯ ಕೆಲಸ. ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಒಂದಿದೆ. ಮನೆಯಲ್ಲಿ ಯಾರಿಗಾದರೂ ಬಾಯಿ ಸೊಟ್ಟಗಾಗಿ ಡಾಕ್ಟರ ಬಳಿ ಕರೆದೊಯ್ದಾಗ, ಸ್ಕ್ಯಾನ್ ಚೀಟಿ ಕೈಗೆ ಬರುವ ಮುಂಚೆ ಎರಡು ಪ್ರಶ್ನೆ ಕೇಳಿ: ಹಣೆ ನೋಡಿದಿರಾ, ಕಣ್ಣು ಪೂರ್ತಿ ಮುಚ್ಚುತ್ತದೆಯೇ?